ಮಾಶಿಮಾ ಗೋಡೆಗೆ ನಾನು ಹಚ್ಚಿದ ಕುಂಕುಮ

ಕರೆಂಟು ಕೊಡುವ ಕಚೇರಿಯ ದೊಡ್ಡ ಸಾಹೇಬರೇ,

ನಿಮ್ಮವರು ಮೀಟರ್ ಕೂರಿಸಿ ಹೋದಂದಿನಿಂದ ನನಗೆ ಒಂದೇ ಕೆಟ್ಟ ಕನಸು. ನಮ್ಮ ಬಾಡಿಗೆ ಮನೆಯ ಯಜಮಾನಿತಿ, ನಾವೆಲ್ಲ ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮುದುಕಿ, ತಮ್ಮದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, ಒಳಗೆ ಬರಲಾ ಎಂದು ನನ್ನನ್ನು ಕೇಳುತ್ತಾರೆ. ಮನೆಗೆ ಬೆಳಕು ಬಂತು, ನನ್ನ ನಿದ್ದೆ ಹೋಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅಡುಗೆಯವನು ನಾನು, ನಿಮ್ಮ ಭಾಷೆಯಲ್ಲಿ ಬರೆಯಲು ಬರುವುದಿಲ್ಲ. ಅದಕ್ಕೇ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಹಾಕಿಸಿದ್ದೇನೆ. ಮಗಳು ದೀಕ್ಷಾ ಬಂಗಾಳಿಯಲ್ಲಿ ಬರೆದು ನಿಮಗೆ ತಲುಪಿಸುತ್ತಾಳೆ. ಬಾಡಿಗೆ ಮನೆಯಲ್ಲಿರುವ ನಮ್ಮವರೂ ಓದಲಿ. ನನ್ನ ಹಾಗೆ ಗೆಲ್ಲುವುದು ಯಾರಿಗೂ ಬೇಡ.

ಕಲ್ಕತ್ತೆಯ ಕಾಳಿಘಾಟ್‌ನ ಈ ಮನೆಯಲ್ಲಿ ನಾವಿರುವ ಮಹಡಿಗೆ ಮಾಶಿಮಾ ಅವರ ಮೀಟರಿನಿಂದಲೇ ವಯರು ಬಂದಿತ್ತು. ನಾವು ಮಿಕ್ಸಿ ಹಾಕಿದರೆ ಕೆಳಗೆ ಅವರ ಫ್ಯಾನು ನಿಧಾನ. ಹಳೇ ವಯರು ಒಂದು ದಿನ ಸುಟ್ಟೇ ಹೋಯಿತು. ನಮಗೇ ಬೇರೆ ಮೀಟರ್ ಕೊಡಿ ಎಂದರೆ ನೀವು ಯಜಮಾನಿತಿಯ ಒಪ್ಪಿಗೆ ತಾ ಎಂದಿರಿ. ಅವರು ಒಪ್ಪಲಿಲ್ಲ. ಬಾಡಿಗೆಯವನ ಹೆಸರಿಗೆ ಮೀಟರ್ ಬಂದರೆ ಮನೆ ಕೈಬಿಟ್ಟ ಹಾಗೆಯೇ ಎಂದು ಅವರ ಗಂಡ ಸಾಯುವ ಮೊದಲು ಹೇಳಿದ್ದರಂತೆ. ಹಾಗಾದರೆ ಕೋರ್ಟಿಗೆ ಹೋಗು ಎಂದಿರಿ. ಹೋದೆ.

ಕೋರ್ಟು ಮೂರು ಮಾತು ಹೇಳಿತು. ವಾಸ ಇರುವವನಿಗೆ ಕರೆಂಟು ಕೊಡಿ. ಮೀಟರ್ ಬಂದ ಮಾತ್ರಕ್ಕೆ ಅವನು ಮನೆಯ ಒಡೆಯನಲ್ಲ. ಯಾರಾದರೂ ಅಡ್ಡ ಬಂದರೆ ಪೊಲೀಸರ ಸಹಾಯ ಪಡೆಯಿರಿ. ಮೊದಲನೆಯದನ್ನೂ ಕೊನೆಯದನ್ನೂ ನೀವು ಎಂಥ ಭಕ್ತಿಯಿಂದ ಪಾಲಿಸಿದಿರಿ! ನಡುವಿನ ಮಾತನ್ನು ಮಾಶಿಮಾಗೆ ಹೇಳಲು ಮಾತ್ರ ಯಾರಿಗೂ ಪುರುಸೊತ್ತಾಗಲಿಲ್ಲ. ಸೊಂಟ ಬಗ್ಗಿದ ಹೆಂಗಸಿನ ಎದುರು ಲಾಠಿಯವರನ್ನು ನಿಲ್ಲಿಸಬೇಕಿತ್ತೇ? ಅವರೇನು ನಿಮ್ಮ ಕಂಬ ಹೊತ್ತುಕೊಂಡು ಓಡುತ್ತಿದ್ದರೇ?

ನಿಮ್ಮನ್ನು ಬೈದು ನಾನು ಪಾರಾಗುವ ಹಾಗಿಲ್ಲ. ಮುಂದಿನದೆಲ್ಲ ನನ್ನದೇ. ನಮ್ಮ ಉಡುಪಿ ಕಡೆ ಮನೆಗೆ ಗ್ರೈಂಡರ್ ಬಂದರೂ ಸೈಕಲ್ ಬಂದರೂ ಕುಂಕುಮ ಇಟ್ಟು ಆರತಿ ಎತ್ತುವುದುಂಟು. ಮೀಟರಿಗೂ ಎತ್ತಿದೆವು. ಕೆಳಗಿನ ಓಣಿಯ ಸುಣ್ಣದ ಗೋಡೆಯ ಮೇಲೆ ಅರಿಶಿನ, ಕುಂಕುಮ, ಗೊಂಡೆ ಹೂವಿನ ಮಾಲೆ. ನನ್ನ ಹೆಂಡತಿ ಪ್ರಫುಲ್ಲಾ, ‘ಇಲ್ಲಿ ಬೇಡ ಮಾರಾಯ್ರೆ, ಅದು ಅವರ ಗೋಡೆ’ ಎಂದಿದ್ದಳು. ದೇವರಿಗೆ ಯಾರ ಗೋಡೆಯಾದರೇನು ಎಂದೆ. ಗೆದ್ದ ಅಮಲು.

ಮಾಶಿಮಾ ಬಂದು ನೋಡಿದರು. ಗಣಪಯ್ಯನಾದ ನನ್ನನ್ನು ಅವರು ಗೊಣೇಶ್ ಎಂದೇ ಕರೆಯುವುದು. ‘ಕೋರ್ಟು ತಂದೆ, ಪೊಲೀಸ್ ತಂದೆ. ಈಗ ದೇವರನ್ನೂ ತಂದು ಕೂರಿಸಿದೆಯಾ ಗೊಣೇಶ್? ಕೂತ ದೇವರನ್ನು ಯಾರು ಎಬ್ಬಿಸುತ್ತಾರೆ?’

ಆಗಲೇ ಎಲ್ಲ ತೊಳೆದೆ. ಹೂವು ಹೋಯಿತು, ಅರಿಶಿನದ ಕಲೆ ಹೋಗಲಿಲ್ಲ. ನಾನು ಬರೀ ಬಾಡಿಗೆಯವನು ಎಂದು ಕಾಳಿಯ ಮೇಲೆ ಆಣೆ ಇಟ್ಟೆ. ‘ಬಾಡಿಗೆಯವನು ಗೋಡೆಗೆ ಕುಂಕುಮ ಹಚ್ಚುತ್ತಾನೆಯೇ?’ ಎಂದರು. ಈಗ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಾರೆ. ಹೇಗೂ ಮನೆ ಹೋಯಿತಲ್ಲ, ಕೃಷ್ಣನಗರದಲ್ಲಿ ತಂಗಿಯ ಮಗಳ ಹತ್ತಿರ ಇರುತ್ತೇನೆ ಎನ್ನುತ್ತಾರೆ. ಪಾತ್ರೆಯ ಸದ್ದು ಕೇಳಿದಾಗಲೆಲ್ಲ ಪ್ರಫುಲ್ಲಾ ನನ್ನ ಮುಖ ನೋಡುತ್ತಾಳೆ.

ಹಾಗಾಗಿ ನನ್ನ ಬೇಡಿಕೆ: ಪೊಲೀಸರನ್ನು ಕರೆತಂದ ಅದೇ ಅಧಿಕಾರಿಯನ್ನು, ಈ ಸಲ ಒಬ್ಬರನ್ನೇ, ಕಳಿಸಿ. ಮಾಶಿಮಾ ಎದುರು ಕೂತು ಕೋರ್ಟಿನ ಆ ನಡುವಿನ ಮಾತನ್ನು ಬಂಗಾಳಿಯಲ್ಲಿ ಓದಿ ಹೇಳಲಿ. ಗೋಣಿಯ ಬಾಯಿ ಹೊಲಿಯುವ ಮೊದಲೇ ಬರಲಿ. ಅವರು ಹೇಳಿದ ಗೋಡೆಗೆ ಮೀಟರ್ ಬದಲಿಸಲಿ, ಬೇಡವೆಂದರೆ ಇದ್ದಲ್ಲೇ ಬಿಡಲಿ.

ಇನ್ನೊಂದು. ನಿಮ್ಮ ದಾಖಲೆಯಲ್ಲಿ ನನ್ನ ಹೆಸರಿನ ಪಕ್ಕ ‘ಬಾಡಿಗೆದಾರ’ ಅಂತಲೇ ಇದೆ ತಾನೆ? ಇದೆ ಎಂದು ನಿಮ್ಮವರು ದೀಕ್ಷಾಗೆ ಫೋನಿನಲ್ಲಿ ಹೇಳಿದ್ದಾರೆ. ಆದರೂ ದಯವಿಟ್ಟು ಎದ್ದು ಹೋಗಿ ಇನ್ನೊಮ್ಮೆ ನೋಡಿ.

ಇಂತಿ,
ಕೇಸು ಗೆದ್ದು ತಲೆ ತಗ್ಗಿಸಿ ಮೆಟ್ಟಿಲು ಹತ್ತುವ
ಗಣಪಯ್ಯ, ಬಾಡಿಗೆದಾರ