ಅವ್ವ ಕೇಳುವ ಮೂರು ಪ್ರಶ್ನೆ

ಜನವರಿ 12, ಸೋಮವಾರ. ಬೆಳಿಗ್ಗೆ 6.40

ಸಾರಿ. ಮೊದಲು ಅದನ್ನು ಬರೆದುಬಿಡುತ್ತೇನೆ. ಎಂಟನೇ ಕ್ಲಾಸಿನಲ್ಲಿ, ಕಿತ್ತೂರಿನ ಹಾಸ್ಟೆಲ್‌ನಲ್ಲಿ, ವಾರ್ಡನ್ ಮೇಡಂ ನನ್ನ ಡೈರಿ ಹಿಡಿದು, ಇನ್ನು ಡೈರಿ ಬರೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಐವತ್ತು ಸಲ ಬರೆಸಿದ್ದರು. ಆ ಮಾತು ಮುರಿಯುತ್ತಿದ್ದೇನೆ. ಇವು ಜುವಾಲಜಿ ರೆಕಾರ್ಡಿನ ಹಿಂದಿನ ಹಾಳೆಗಳು. ಯಾರೂ ನೋಡುವುದಿಲ್ಲ. ನಮ್ಮ ಸರ್ ಮುಂದಿನ ಹಾಳೆಗಳನ್ನೇ ನೋಡುವುದಿಲ್ಲ.

ಅವ್ವ ಒಲೆಯ ಮುಂದೆ. ಅರ್ಧ ರೊಟ್ಟಿ ತಿಂದು ಎದೆ ಒತ್ತಿಕೊಂಡು ಕೂತಿದ್ದಾಳೆ. ಒಂದು ವರ್ಷದಿಂದ ಹೀಗೇ. ಎದೆ ಉರಿ, ಹುಳಿ ತೇಗು, ಮಲಗಿದರೆ ಕೆಮ್ಮು. ಗೋಡೆಗೆ ಒರಗಿಯೇ ನಿದ್ದೆ. ಹೋದ ವಾರ ಧಾರವಾಡದಲ್ಲಿ ಎಂಡೋಸ್ಕೋಪಿ, ಸ್ಕ್ಯಾನ್ ಆಯಿತು. ನಾಳೆ ರಿಪೋರ್ಟ್.

"ರೇಣು, ಬಸ್ ಹೋಗತೈತಿ ನೋಡ. ಬೈಲಹೊಂಗಲ ಏನ್ ನಿನ್ನ ಹಂತ್ಯಾಕ ನಡಕೊಂತ ಬರಂಗಿಲ್ಲ."

ಅವ್ವನ ಕೂಗು. ಕಾಲೇಜಿಗೆ ಹೋಗುತ್ತೇನೆ.

ಜನವರಿ 13, ಮಂಗಳವಾರ. ಸಂಜೆ

ಹಯಾಟಸ್ ಹರ್ನಿಯಾ. ಎದೆ ಮತ್ತು ಹೊಟ್ಟೆಯ ನಡುವಿನ ಪರದೆ – ಡಯಾಫ್ರಮ್, ಇಂಟರ್ನಲ್‌ನಲ್ಲಿ ನಾನೇ ಚಿತ್ರ ಬರೆದು ನಾಲ್ಕು ಮಾರ್ಕ್ಸ್ ತೆಗೆದುಕೊಂಡ ಡಯಾಫ್ರಮ್ – ಅದರಲ್ಲಿ ಅನ್ನನಾಳ ಇಳಿಯುವ ತೂತು ಅಗಲವಾಗಿದೆ. ಜಠರದ ಒಂದು ಭಾಗ ಎದೆಯೊಳಕ್ಕೆ ಏರಿ ಕೂತಿದೆ.

ಡಾಕ್ಟರ್ ನಿಧಾನವಾಗಿ ಹೇಳಿದರು. "ಎರಡು ದಾರಿ ಅದಾವ್ರಿ ಸತ್ಯವ್ವನವರ. ಗುಳಿಗಿ ತಗೊಂಡು, ಸ್ವಲ್ಪ ಸ್ವಲ್ಪ ಉಂಡು, ತಲಿ ಎತ್ತರ ಇಟ್ಟು ಮಲಗಿ ನಡಸಬಹುದು. ಇಲ್ಲಾ, ಆಪರೇಶನ್ ಮಾಡಿ ಏರಿದ್ದನ್ನ ಕೆಳಗ ತಂದು ಹೊಲಿಗಿ ಹಾಕೋದು. ಇದು ದೊಡ್ಡದ ಅದ, ಆದ್ರ ಇವತ್ತ ಅವಸರ ಇಲ್ಲ. ಒಂದು ತಿಂಗಳು ವಿಚಾರ ಮಾಡ್ರಿ."

ಆಮೇಲೆ ನನ್ನ ಕಡೆ ತಿರುಗಿ: "ಕರ್ರಗ ವಾಂತಿ ಆತು, ಇಲ್ಲಾ ಬರೇ ಓಕರಿಕಿ ಬಂದು ಏನೂ ಹೊರಗ ಬೀಳಲಿಲ್ಲ ಅಂದ್ರ ವಿಚಾರ ಗಿಚಾರ ಏನಿಲ್ಲ. ನನಗ ಮೆಸೇಜ್ ಹಾಕಿ ಹಂಗ ಬಂದುಬಿಡ್ರಿ." ನಂಬರ್ ಕೊಟ್ಟರು.

ಅವ್ವ ಒಂದೇ ಮಾತು ಕೇಳಿದಳು. "ಕುಯ್ಸಿಕೊಂಡ ಮ್ಯಾಲ ನಾ ಮಂದಿ ಬಟ್ಟಿ ತಿಕ್ಕಬೌದೇನ್ರಿ?"

ಡಾಕ್ಟರ್ ನನ್ನ ಮುಖ ನೋಡಿದರು. ಹೇಳಿದೆ – ಬಟ್ಟಿ ಅಂದರೆ ಹೊಕ್ಕುಳ ಹತ್ತಿರ ಮಿಡಿಯುವ ನಾಡಿ, ಅದು ಜಾಗ ಬಿಟ್ಟು ಸರಿದರೆ ಹೊಟ್ಟೆ ನೋಯುತ್ತದೆ, ಎಣ್ಣೆ ಹಚ್ಚಿ ತಿಕ್ಕಿ ಜಾಗಕ್ಕೆ ಕೂಡಿಸುತ್ತಾರೆ, ನಮ್ಮೂರು ಸಂಪಗಾಂವದಲ್ಲಿ ಆ ಕೆಲಸ ಅವ್ವನದು ಅಂತ. ಇಂಗ್ಲಿಷಿನಲ್ಲಿ ಹೇಳಿದೆ. 'ಬಿಲೀಫ್' ಎಂಬ ಪದ ಬಳಸಿದೆ. ಅವ್ವನಿಗೆ ತಿಳಿಯಲಿಲ್ಲ ಎಂದುಕೊಂಡಿದ್ದೇನೆ.

"ಮೂರು ತಿಂಗಳು ಜೋರ್ ಹಾಕಂಗಿಲ್ಲರಿ," ಅಂದರು.

ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ಮುಖ ಮಾಡಿ ಕೂತಳು, ಮನೆ ಬರುವವರೆಗೆ.

ಜನವರಿ 15, ಗುರುವಾರ

ನಿನ್ನೆ, ಇವತ್ತು ಬರೇ ಗೂಗಲ್. ಆಪರೇಶನ್ ಆದವರು ಚೆನ್ನಾಗಿದ್ದಾರೆ. ಕೆಲವರಿಗೆ ತೇಗು ಬರುವುದಿಲ್ಲ. ಕೆಲವರಿಗೆ ನುಂಗಲು ತ್ರಾಸು. ಕೆಲವರಿಗೆ ಮತ್ತೆ ಏರಿದೆ. ಮಾಡಿಸದವರೂ ಹತ್ತು ವರ್ಷ ಇದ್ದಾರೆ. ಒಬ್ಬರಿಗೆ ಒಳಗೇ ತಿರುಚಿಕೊಂಡು... ಆ ಟ್ಯಾಬ್ ಮುಚ್ಚಿದೆ.

ಅಪ್ಪ ಊಟ ಮುಗಿಸಿ ಕೈ ತೊಳೆಯುತ್ತ ಅಂದ: "ನೀ ಓದಾಕಿ. ನೀನ ಹೇಳವಾ, ಮಾಡಸೂಣೊ ಬ್ಯಾಡೊ."

ನನಗೆ ಹದಿನೆಂಟು. ಬಿಎಸ್ಸಿ ಫಸ್ಟ್ ಇಯರ್. ಕಪ್ಪೆಯ ಜಠರ ಗುರುತಿಸಲು ಬರುತ್ತದೆ, ಅಷ್ಟೆ.

ಅವ್ವ ರಿಪೋರ್ಟ್ ತೋರಿಸು ಅಂದಳು. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಬರೆದು ತೋರಿಸಿದೆ: ಇದು ಪರದೆ, ಇದು ತೂತು, ಇದು ಹೊಟ್ಟೆ, ಮೇಲೆ ಏರಿದೆ. ಅವ್ವ ಬಗ್ಗಿ ನೋಡಿದಳು. ಒಂದು ವರ್ಷದಲ್ಲಿ ಮೊದಲ ಸಲ ಮುಖ ಅರಳಿತು.

"ಹಂಗಾರ ನಾ ಹೇಳಿದ್ದ ಖರೆ ಆತು! ಬಟ್ಟಿ ಮ್ಯಾಲ ಏರೈತಿ ಅಂತ ವರ್ಷಾ ಬಡಕೊಂಡ್ನಿ. ಅವರು ಇಂಗ್ಲೀಷಿನ್ಯಾಗ ಹರ್ನಿಯಾ ಅಂತಾರ. ಏರಿದ್ದನ್ನ ಇಳಸೂದು. ಅಷ್ಟ."

ಅಲ್ಲ ಬೇ, ಅದು ಬೇರೆ ಇದು ಬೇರೆ ಅಂದೆ. ಆದರೆ ಚಿತ್ರ ನಾನೇ ಬರೆದದ್ದು. ನೋಡಿದರೆ ಹಾಗೇ ಕಾಣುತ್ತಿತ್ತು.

ಜನವರಿ 18, ರವಿವಾರ. ಬೆಳಿಗ್ಗೆ 7

ತನ್ನ ಬಟ್ಟಿಯನ್ನು ತಾನೇ ತಿಕ್ಕಿಕೊಳ್ಳಬಾರದಂತೆ. ಬೇರೆ ಕೈ ಬೇಕು. ರಾಮದುರ್ಗದ ಆಯಿ, ಅವ್ವನ ಅವ್ವ, ಅವಳಿಗೆ 'ಕೈ ಕೊಟ್ಟಳು', ಅಂದರೆ ಈ ವಿದ್ಯೆ ದಾಟಿಸಿದಳು; ಅವ್ವ ಈಗ ನನಗೆ. ತಿಕ್ಕಿದ್ದಕ್ಕೆ ಯಾರಿಂದಲೂ ಎಲೆ-ಅಡಿಕೆ ಸಹ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಕೈಗುಣ ಹೋಗುತ್ತದೆ. ಮೂರು ದಿನ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ.

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಕಿತ್ತೂರಿಗೆ ಹೋದ ಮೇಲೆ ಏಳು ವರ್ಷ ಅವ್ವನನ್ನು ರಜೆಗೆ ಮಾತ್ರ ನೋಡಿದವಳು. ಅವ್ವ ನನಗೆ ಏನನ್ನಾದರೂ ಕಲಿಸಿದ್ದು ಇದೇ ಮೊದಲು.

ಔಡಲೆಣ್ಣೆ ಹಚ್ಚಿಕೊಂಡು ಪಕ್ಕೆಲುಬಿನ ಕೆಳಗಿನಿಂದ ಹೊಕ್ಕುಳಿಗೆ ಎಳೆದೆ.

"ಇದೇನ ಫೋನ್ ಒರಸಿದಂಗ ಒರಸಾಕ ಹತ್ತಿ? ಜೋರ್ ಹಾಕ."

ಹಾಕಿದೆ.

ಜನವರಿ 19, ಸೋಮವಾರ

ಅವ್ವ ಬೆಳಿಗ್ಗೆ ತಿಕ್ಕಿಸಿಕೊಂಡ ಮೇಲೆ ಒಂದು ಇಡೀ ರೊಟ್ಟಿ ತಿಂದಳು! "ಹಗುರಾತು ನೋಡ. ನಿನ್ನ ಕೈ ಚಲೋ ಐತಿ," ಅಂದಳು. ಆಪರೇಶನ್ ಬೇಡವೇನೋ. ಕಾಲೇಜಿನಲ್ಲಿ ಇಡೀ ದಿನ ನನ್ನ ಕೈ ನೋಡಿಕೊಂಡೆ.

ಜನವರಿ 20, ಮಂಗಳವಾರ

ವಾಂತಿ. ಕರ್ರಗೆ. ಚಹಾಪುಡಿ ಕಲಸಿದ ಹಾಗೆ. ಬೆಳಿಗ್ಗೆ ಮೂರನೇ ಸಲ ತಿಕ್ಕಿ ನಾನು ಕೈ ತೊಳೆಯುವಷ್ಟರಲ್ಲಿ.

ಮಧ್ಯಾಹ್ನದ ಹೊತ್ತಿಗೆ ನಿಂತಿತು. ಅಪ್ಪ ತನ್ನ ಗಾಡಿಗೆ ಲೋಡ್ ತುಂಬಿಕೊಂಡು ಸವದತ್ತಿಗೆ ಹೋಗಿದ್ದಾನೆ. ಬಚ್ಚಲು ತೊಳೆದದ್ದು ನಾನೇ. ಫೋನ್ ತೆಗೆದುಕೊಂಡೆ. ಅವ್ವ ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ನನ್ನಾಣಿ. ಯಾರಿಗೂ ಹೇಳಂಗಿಲ್ಲ."

ಜನವರಿ 27, ಮಂಗಳವಾರ

ಬರೆಯಲು ಆಗಲಿಲ್ಲ.

ಅವ್ವ ಗಂಜಿ ಕುಡಿಯುತ್ತಾಳೆ. ನಾಲ್ಕು ಚಮಚ. ಬಚ್ಚಲಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಏದುಸಿರು. ಮುಖ ಬಿಳಿಚಿದೆ. ಅಪ್ಪನ ಮುಂದೆ ಮಾತ್ರ ನೆಟ್ಟಗೆ ಕೂತು ನಗುತ್ತಾಳೆ.

ಇವತ್ತು ಡಾಕ್ಟರ್ ತಾವೇ ಮೆಸೇಜ್ ಹಾಕಿದ್ದರು. ಹೇಗಿದ್ದಾರೆ? ಕರ್ರಗೆ ವಾಂತಿ ಏನಾದರೂ?

'ನೋ ಸರ್' ಎಂದು ಟೈಪ್ ಮಾಡಿದೆ. ಅವರು 'ಗುಡ್, ದೆನ್ ವಿ ಕ್ಯಾನ್ ವೇಟ್' ಅಂದರು. ಕೊನೆಗೆ ಒಂದು ಕೈ ಮುಗಿಯುವ ಚಿತ್ರ.

ನನ್ನ ಒಂದು ಸುಳ್ಳಿನ ಮೇಲೆ ಡಾಕ್ಟರ್ ಕಾಯುತ್ತಿದ್ದಾರೆ. ಆಣೆ ಮುರಿದರೆ ಅವ್ವನಿಗೆ ಕೇಡು ಅನ್ನುವ ಹೆದರಿಕೆ. ಮುರಿಯದಿದ್ದರೆ... ಜುವಾಲಜಿ ಓದುವ ಹುಡುಗಿ ಆಣೆಗೆ ಹೆದರುತ್ತಾಳೆ. ಇದಕ್ಕೂ 'ಬಿಲೀಫ್' ಅನ್ನಬೇಕು.

ಫೆಬ್ರವರಿ 1, ರವಿವಾರ. ಬೆಳಿಗ್ಗೆ 7.50

ಅವ್ವ ಹಿತ್ತಲಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದಾಳೆ. ಅಷ್ಟರಲ್ಲಿ ಬೇಗ ಬೇಗ ಬರೆಯುತ್ತೇನೆ.

ಏಳಕ್ಕೆ ಪಕ್ಕದ ಮನೆಯ ಮೆಹರುನಬಿ ಖಾಲಾ ಬಂದರು. ಜೊತೆಗೆ ಅವರ ಸೊಸೆ ಹಿನಾಕೌಸರ, ಹೊಟ್ಟೆ ಹಿಡಿದುಕೊಂಡು. ಅವ್ವ ಎದ್ದು ಕೂತು, ಎಣ್ಣೆ ಬಟ್ಟಲು ತಾ ಅಂದಳು. ಬೇಡ ಬೇ ಅಂದರೆ ಕೇಳಲಿಲ್ಲ. ಕೈಗೆ ಎಣ್ಣೆ ಹಚ್ಚಿಕೊಂಡು, ಎಲ್ಲರಿಗೂ ಯಾವಾಗಲೂ ಕೇಳುವ ಮೂರು ಪ್ರಶ್ನೆ ಕೇಳಿದಳು.

"ಖಾಲಿ ಹೊಟ್ಟಿ ಐತೇನವಾ?"

"ಹೂಂರಿ."

"ಜ್ವರಾ ಬಂದಾವೇನು?"

"ಇಲ್ರಿ."

"ಕರ್ರಗ ವಾಂತಿ ಆಗೈತೇನು?"

ಹಿನಾ ಅತ್ತೆಯ ಮುಖ ನೋಡಿದಳು. "ನಿನ್ನಿ ಒಂದ್ ಸಲ ಆಗೈತ್ರಿ."

ಅವ್ವ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಎಣ್ಣೆಯನ್ನು ಸೆರಗಿಗೆ ಒರೆಸಿದಳು.

"ಮೆಹರುನ್, ಇದು ನನ್ನ ಕೆಲಸ ಅಲ್ಲ. ದವಾಖಾನಿಗೆ ಕರಕೊಂಡ ಹೋಗ."

"ಅಯ್ಯ, ದೊಡ್ಡ ವಕೀಲರಂಗ ಕೇಸ್ ಹಿಡಿಯಂಗಿಲ್ಲ ಅಂತೀಯಲ್ಲ! ಒಂಚೂರು ತಿಕ್ಕಿ ನೋಡ. ನಿನ್ನ ಕೈಗೆ ಆಗಲಾರದ್ದು ಏನೈತಿ?"

"ಒಂಚೂರೂ ಇಲ್ಲ. ಕರ್ರಗ ಆದವರನ್ನ ಮುಟ್ಟಬ್ಯಾಡ ಅಂತ ಹೇಳಿನ ನಮ್ಮವ್ವ ಕೈ ಕೊಟ್ಟಾಳ. ಬಟ್ಟಿ ಅಲ್ಲ ಅದು. ಈಗಿಂದೀಗ ಹೋಗ್ರಿ."

ಹೋದರು. ಬಾಗಿಲು ಹಾಕಿದೆ. ಅವ್ವ ಎಣ್ಣೆ ಬಟ್ಟಲನ್ನು ನೋಡುತ್ತ ಕೂತಿದ್ದಳು. ನಾನು ಎದುರಿಗೆ ಕೂತೆ. ಅವಳ ಹಾಗೇ ಕಾಲು ಮಡಿಚಿಕೊಂಡು.

"ಖಾಲಿ ಹೊಟ್ಟಿ ಐತೇನ ಬೇ?"

ಅವ್ವ ಎಣ್ಣೆ ಬಟ್ಟಲನ್ನು ದೂರ ಸರಿಸಿದಳು.

"ಜ್ವರಾ ಬಂದಾವೇನು?"

"ಸುಮ್ನಿರ, ರೇಣು."

"ಕರ್ರಗ ವಾಂತಿ ಆಗೈತೇನು?"

ಹೊರಗೆ ಖಾಲಾ ಯಾರದೋ ರಿಕ್ಷಾ ಕೂಗುತ್ತಿದ್ದರು. ಅದು ಬಂದು ನಿಂತು, ಹೋಯಿತು.

"ಆಗೈತಿ. ನಿನ್ನೆನೂ ಆಗೈತಿ."

ನಿನ್ನೆಯದು ನನಗೆ ಗೊತ್ತಿರಲಿಲ್ಲ.

"ಮತ್ತ ಆಣಿ ಯಾಕ ಹಾಕಿದಿ?"

"ಊರ ಬಟ್ಟಿ ಕೂಡ್ರಸಾಕಿ ತನ್ನ ಹೊಟ್ಟಿ ಕುಯ್ಸಿಕೊಂಡ್ಲು ಅಂತ ಮಂದಿ ಅಂತಾರಲ್ಲ, ಅದನ್ನ ಹೆಂಗರ ನುಂಗತಿದ್ನಿ." ಅವ್ವ ನನ್ನ ಬಲಗೈ ತೆಗೆದುಕೊಂಡು ತನ್ನ ಎಣ್ಣೆಗೈಯಲ್ಲಿ ಇಟ್ಟುಕೊಂಡಳು. "ಆದ್ರ ಮೊದಲನೇ ಸಲ ನಿನ್ನ ಕೈ ಮುಟ್ಟಿತ್ತು. ಅದು ಕೆಟ್ಟತು ಅಂತ ಹೆಂಗ ಹೇಳ್ಲಿ?"

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಎದ್ದು, ಗೋಡೆ ಹಿಡಿದು ಹೋಗಿ, ಚಾರ್ಜಿಗೆ ಇಟ್ಟ ಫೋನ್ ಬಿಚ್ಚಿ ತಂದು ನನ್ನ ಮುಂದೆ ಇಟ್ಟಳು.

"ಆಣಿ ಬಿಡಿಸೀನಿ. ನಿಮ್ಮ ಡಾಕ್ಟರಗ ಬರಿ. ಕುಯ್ಯಲಿ. ನಿಮ್ಮಪ್ಪಗ ನಾ ಹೇಳತೇನಿ."

8.05

ಅಪ್ಪ ಗಾಡಿ ತೆಗೆಯುತ್ತಿದ್ದಾನೆ. ಅವ್ವ ಬೇರೆ ಸೀರೆ ಉಡುತ್ತಿದ್ದಾಳೆ. ಎರಡು ಸಲ ತಪ್ಪು ಟೈಪ್ ಆಯಿತು. ಇಲ್ಲಿ ಬರೆದುಕೊಂಡು ನೋಡಿ ಕಳಿಸುತ್ತೇನೆ –

ಸರ್, ಸಾರಿ. 27ಕ್ಕೆ ನಾನು ಸುಳ್ಳು ಹೇಳಿದ್ದೆ. 20ಕ್ಕೆ ಕರ್ರಗೆ ವಾಂತಿ ಆಗಿತ್ತು, ನಿನ್ನೆಯೂ ಆಗಿದೆ. 18ರಿಂದ 20ರವರೆಗೆ ಮೂರು ದಿನ ಬೆಳಿಗ್ಗೆ ನಾನು ಅವರ ಹೊಟ್ಟೆ ಜೋರಾಗಿ ತಿಕ್ಕಿದ್ದೆ. ಆಪರೇಶನ್‌ಗೆ ಅವ್ವ ಹೂಂ ಅಂದಿದ್ದಾರೆ. ಈಗಲೇ ಸಂಪಗಾಂವದಿಂದ ಹೊರಡುತ್ತಿದ್ದೇವೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನೀರು ಕೇಳುತ್ತಿದ್ದಾರೆ, ಕೊಡಬಹುದಾ? ಬೇಗ ರಿಪ್ಲೈ ಮಾಡಿ ಸರ್