ಕಳೆ ಕಿತ್ತ ತಾಕು

ಹರಿಹರ
9-9-1998

ಅಕ್ಕಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಸಹಿಸಿಕೋ. ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ನನ್ನ ಮೆಕ್ಕೆಜೋಳದ ಪ್ರಯೋಗಕ್ಕೆ ಇದು ಮೂರನೆಯ, ಕೊನೆಯ ವರ್ಷ. ಕಳೆಯಿಂದ ಇಳುವರಿ ಎಷ್ಟು ತಗ್ಗುತ್ತದೆಂದು ತಿಳಿಯಲು ಹೊಲದ ಒಂದಷ್ಟು ತಾಕುಗಳಲ್ಲಿ ಕಳೆ ಕೀಳದೆ ಹಾಗೇ ಬಿಡಬೇಕು. ನಿನ್ನೆ ದೆಹಲಿಯಿಂದ ದೊಡ್ಡವರು ಬರುವವರಿದ್ದರು. ಮೊನ್ನೆ ನಾನು ದಾವಣಗೆರೆಗೆ ಹೋಗಿದ್ದಾಗ ನಮ್ಮ ಮುಖ್ಯಸ್ಥರು, ಹೊಲ ಚೊಕ್ಕಟವಾಗಿ ಕಾಣಲೆಂದು, ಆ ತಾಕುಗಳ ಕಳೆಯನ್ನೂ ಕೀಳಿಸಿಬಿಟ್ಟಿದ್ದಾರೆ.

ಕೂಲಿ ಹೆಂಗಸರ ಮುಂದಾಳು ಪುಟ್ಟಕ್ಕ ಹೆಮ್ಮೆಯಿಂದ ತೋರಿಸಿದಳು: “ನೋಡ್ರಿ ಮೇಡಮ್ಮಾರೇ, ಒಂದು ಕಡ್ಡಿ ಕಸ ಇಲ್ಲ. ಇಷ್ಟು ದಿನ ಈ ತಾಕು ನೋಡಿದೋರೆಲ್ಲ ನಮ್ಮನ್ನ ಮೈಗಳ್ಳರು ಅಂತಿದ್ರು.”

ಮುಖ್ಯಸ್ಥರು ನಗುತ್ತಲೇ ಹೇಳಿದರು: “ಲೇಬರ್ ಮಿಸ್ಟೇಕ್ ಅಂತ ಬರೆದು ಮುಗಿಸ್ರಿ ಮೇಡಂ. ಪುಟ್ಟಕ್ಕನ್ನ ನಾಳೆಯಿಂದ ಬರಬ್ಯಾಡ ಅಂದ್ರಾಯ್ತು.” ನಾನು ಹಾಗೆ ಬರೆಯಲಿಲ್ಲ. ಪ್ರಯೋಗ ಕೆಟ್ಟಿದೆ, ಕಳೆ ಕೀಳಿಸಿದ್ದು ಮುಖ್ಯಸ್ಥರ ಆದೇಶ ಎಂದು ಬರೆದು, ಸಹಿ ಹಾಕಿ, ಮೇಲಿನ ಕಚೇರಿಗೆ ಕಳಿಸಿದೆ. ವರ್ಗ ಮಾಡಿದರೂ ಮಾಡಿಯಾರು, ದೀಪಾವಳಿಗೆ ನನ್ನನ್ನು ಕಾಯಬೇಡ. ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ.

ಕಳೆ ಯಾಕೆ ಬಿಡುತ್ತಿದ್ದೆವೆಂದು ಇವತ್ತು ಪುಟ್ಟಕ್ಕನಿಗೆ ವಿವರಿಸಿದೆ. ಪೂರ್ತಿ ಕೇಳಿ, “ಮೊದ್ಲೇ ಹೇಳಿದ್ರೆ ಸಾಹೇಬ್ರಿಗೆ ನಾನೇ ಬ್ಯಾಡ್ರಿ ಅಂತಿದ್ದೆ” ಅಂದಳು. ಮೂರು ವರ್ಷ ದಿನಾ ಅವಳ ಜೊತೆ ಹೊಲದಲ್ಲಿ ನಿಂತಿದ್ದೇನೆ, ಒಮ್ಮೆಯೂ ಹೇಳಿರಲಿಲ್ಲ. ಮುಖ್ಯಸ್ಥರ ಮೇಲಿನ ಸಿಟ್ಟಾದರೂ ಇಳಿದೀತು, ನನ್ನ ಮೇಲಿನದು ಇಳಿಯುವಂತಿಲ್ಲ.

ಜಾಗ ಮುಗಿಯಿತು.
ನಿನ್ನ ತಂಗಿ