ಗಾಳಿ ನಿಂತ ಅಕ್ಷರ

ಜುಲೈ 3, ಬೆಳಿಗ್ಗೆ

ಅನ್ನ, ಮಿಸೊ ಸಾರು, ಪೇಪರ್. ಮೊದಲ ಪುಟದಲ್ಲೇ ಎರಡು ತಪ್ಪು — ಕೆಂಪು ಪೆನ್ಸಿಲ್‌ನಲ್ಲಿ ಸುತ್ತು ಹಾಕಿದೆ. ನಿಘಂಟು ಕಚೇರಿ ಬಿಟ್ಟು ಆರು ವರ್ಷವಾದರೂ ಕೈ ಸುಮ್ಮನಿರದು. ಮಗಳು ಶಿಯೊರಿಯ ಫೋನ್. ನಿನ್ನೆ ಹುಟ್ಟಿದ ಮೊಮ್ಮಗಳಿಗೆ ಹೆಸರು ನಿಶ್ಚಯವಾಗಿದೆಯಂತೆ: ನಗಿ. ಒಂದೇ ಅಕ್ಷರ, 凪. ಅಳಿಯ ಇಸಾಮುವಿನ ಆಯ್ಕೆಯೇ ಇರಬೇಕು. ಮೀನು ಹಿಡಿಯುವವನಿಗೆ ಇನ್ನೇನು ಹೊಳೆದೀತು! ಏಳನೆಯ ದಿನ ಗೋಡೆಗೆ ಹಾಕುವ ಹೆಸರಿನ ಹಾಳೆಯನ್ನು ಕುಂಚದಲ್ಲಿ ನಾನೇ ಬರೆಯಬೇಕಂತೆ.

ಜುಲೈ 4

ನಿಘಂಟು ತೆಗೆದೆ. ಹೊರಗೆ 'ಗಾಳಿ'ಯ ಚೌಕಟ್ಟು, ಒಳಗೆ 'ನಿಲ್ಲು'. ಅರ್ಥ: ಗಾಳಿ ನಿಂತು ಕಡಲು ಶಾಂತವಾಗುವುದು. ಬಳಕೆ: ಮುಂಜಾನೆಯ ನಗಿ, ಸಂಜೆಯ ನಗಿ. ಚೀನಾದ ಓದು ಇಲ್ಲವೇ ಇಲ್ಲ, ನಮ್ಮ ಜಪಾನಿನವರೇ ಕಟ್ಟಿದ್ದು. ಕುಲಗೋತ್ರವಿಲ್ಲದ ಅಕ್ಷರ. ಈ ಸೆತೊ ಕಡಲ ದಡದಲ್ಲಿ ಸಂಜೆಯ ನಗಿ ಎಂದರೆ ಬೆವರು, ಸೊಳ್ಳೆ. ಮಗುವಿಗೆ ಸೆಕೆಯ ಹೆಸರು! ಶಿಯೊರಿಗೆ ಫೋನ್ ಮಾಡಿ ಬರೆಯುವುದಿಲ್ಲ ಅಂದೆ.

"ಬೇಡ ಬಿಡಪ್ಪ, ಪ್ರಿಂಟ್ ಹಾಕಿಸ್ತೀವಿ. ಅವತ್ತು ನೀನೂ ಬರ್ಬೇಡ."

ಜುಲೈ 7, ಮಧ್ಯಾಹ್ನ

ಮೂರು ದಿನದಿಂದ ಫೋನ್ ಇಲ್ಲ. ಮಗುವಿನ ಮುಖ ಇನ್ನೂ ನೋಡಿಲ್ಲ... ಕೊರೆಯುತ್ತಿದೆ. ಅಳಿಯನಿಗೆ ನಾಲ್ಕು ಬುದ್ಧಿಮಾತು ಹೇಳೋಣವೆಂದು ಬಂದರಿಗೆ ಹೋದೆ. ಮೀನುಗಾರರ ಸಂಘದ ಹಲಗೆಯ ಮುಂದೆ ಅವನ ತಾಯಿ, ನಮ್ಮ ಬೀಗಿತ್ತಿ ಹಿಸಾಯೊ. ದಿನದ ಹವೆ ಬರೆಯುವುದು ಆಕೆಯ ಕೆಲಸ. ಅಕ್ಷರವೋ, ಕಾಗೆ ಕಾಲು ಗುಬ್ಬಿ ಕಾಲು. ಗಾಳಿ ಇಲ್ಲ, ಅಲೆ ಇಲ್ಲ ಎಂದೆಲ್ಲ ಬರೆದು 'ಕಡಲು' ಎಂಬ ಸಾಲು ಮಾತ್ರ ಖಾಲಿ ಬಿಟ್ಟಿದ್ದಳು.

"ನಗಿ ಅಂತ ಬರೀರಿ ಬೀಗ್ರೇ. ಬರೋಲ್ವೋ?" ಚುಚ್ಚಿದೆ.

"ಬರುತ್ತೆ ಬೀಗ್ರೇ. ಹತ್ತೊಂಬತ್ತು ವರ್ಷದ ಹಿಂದೆ ಒಂದಿನ ಬೆಳಿಗ್ಗೆ ಬರ್ದೆ. ಅದನ್ನ ನೋಡ್ಕೊಂಡು ನಮ್ಮನೆಯವ್ರು ದೋಣಿ ಬಿಟ್ರು. ಮಧ್ಯಾಹ್ನ ಗಾಳಿ ಎದ್ತು... ಅವ್ರು ತಿರುಗಿ ಬರ್ಲೇ ಇಲ್ಲ. ಆಮೇಲೆ ಈ ಕೈ ಅದನ್ನ ಬರ್ದಿಲ್ಲ." ಸೀಮೆಸುಣ್ಣದ ಬೆರಳು ಒರೆಸಿಕೊಂಡಳು. "ಮಗೂಗೆ ಆ ಹೆಸರಿಡಿ ಅಂತ ಕೇಳಿದ್ದು ನಾನೇ. ಇಸಾಮುನ ಬೈಬೇಡಿ. ದಿನಾ ಕೂಗಿ ಕೂಗಿನಾದ್ರೂ ಭಯ ಹೋದೀತು ಅಂತ."

ನನ್ನ ನಿಘಂಟಿನಲ್ಲಿ ಈ ಬಳಕೆ ಇಲ್ಲ. ನಲವತ್ತು ವರ್ಷ ಅದೇನು ತಿದ್ದಿದೆನೋ, ಮೂರ್ಖ.

ಜುಲೈ 8, ಸಂಜೆ

ಬರಬೇಡ ಅಂದರೂ ಮಗಳ ಮನೆಗೆ ಹೋದೆ. ಮಸಿ ತೇದೆ. ಹೊರಗಿನ 'ಗಾಳಿ'ಯ ಚೌಕಟ್ಟನ್ನಷ್ಟೇ ಬರೆದು ಕುಂಚವನ್ನು ಬೀಗಿತ್ತಿಯ ಕೈಗಿಟ್ಟೆ.

"ನಿಲ್ಸೋದು ನೀವು."

ಆಕೆ ಕುಂಚವನ್ನು ಮಸಿಗೆ ಅದ್ದಿದಳು. ಒಳಗಿನ 'ನಿಲ್ಲು'ವಿನ ನಾಲ್ಕು ಗೀಟು ಎಳೆದಳು. ಕೊನೆಯದು ಸೊಟ್ಟ. ಶಿಯೊರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಕೆಂಪು ಪೆನ್ಸಿಲ್ ಜೇಬಿನಲ್ಲೇ ಇತ್ತು. ಹಾಳೆ ಗೋಡೆಗೆ ಏರಿತು. ಆ ಸೊಟ್ಟ ಗೀಟಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.